ಕಾರ್ವೆಯಲ್ಲಿ ಬಿದ್ದ ಮಾತು

ನಮ್ಮ ಊರಿನ ಹೆಸರನ್ನು ನಾನು ಹೇಳುವ ಹಾಗಿಲ್ಲ, ಕಾಯಿದೆ ಅಡ್ಡ ಬರುತ್ತದೆ. ಈ ಕಥೆಯಲ್ಲಿ ಬರುವವರ ಹೆಸರುಗಳನ್ನೂ ಬದಲಾಯಿಸಿದ್ದೇನೆ. ನನ್ನದೊಂದೇ ನಿಜವಾದ ಹೆಸರು, ಗವಿರಂಗಪ್ಪ. ಧೈರ್ಯದಿಂದ ಹಾಗೆ ಬಿಟ್ಟಿದ್ದೇನೆ ಅಂದುಕೊಳ್ಳಬೇಡಿ. "ನಿಮ್ಮ ಹೆಸರು ಕೆಡೋಕೆ ಇನ್ನೇನು ಉಳಿದೈತೆ, ಹಂಗೇ ಹೇಳ್ಕೊಳ್ಳಿ" ಎಂದು ನನ್ನ ಹೆಂಡತಿ ಹೊಂಬಾಳಮ್ಮ ಅಪ್ಪಣೆ ಕೊಟ್ಟಳು.

ನಮ್ಮೂರಿನಲ್ಲಿ ರಕ್ತ ಮಾತಾಡುತ್ತದೆ. ಆಸ್ಪತ್ರೆಯ ಒಳಕೋಣೆಯಲ್ಲಿ ಒಂದು ಹಿತ್ತಾಳೆ ಬಟ್ಟಲಿದೆ. ಬೆರಳು ಚುಚ್ಚಿ ಒಂದು ಹನಿಯನ್ನು ಅದರ ನೀರಿಗೆ ಬಿಟ್ಟರೆ, ಹನಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಗಂಟಲು ಸರಿಮಾಡಿಕೊಂಡು, ಆ ಮನುಷ್ಯನ ವಂಶದಲ್ಲಿ ಏನೇನು ಹರಿದು ಬಂದಿದೆ, ಮುಂದೆ ಯಾವ ಕಾಯಿಲೆ ಯಾವ ಮೂಲೆಯಲ್ಲಿ ಕಾದು ಕೂತಿದೆ ಎಂದು ಹೇಳುತ್ತದೆ. ಜೀವಮಾನದಲ್ಲಿ ಒಂದೇ ಸಲ. ಆಮೇಲೆ ಮೈಯೆಲ್ಲ ಚುಚ್ಚಿಕೊಂಡರೂ ತುಟಿ ಬಿಚ್ಚುವುದಿಲ್ಲ. ಹಾಗಾಗಿ ಕೆಲವರು ವಯಸ್ಸಿಗೆ ಬಂದ ಕೂಡಲೇ ಕೇಳಿಸಿಕೊಂಡು ಬರುತ್ತಾರೆ, ಕೆಲವರು ಮದುವೆಗೆ ಮುಂಚೆ, ಕೆಲವರು ಸಾಯುವವರೆಗೂ ಅತ್ತ ತಲೆ ಹಾಕುವುದಿಲ್ಲ. ಇದು ಹೇಗೆ ಸಾಧ್ಯ ಎಂದು ಹೊರಗಿನವರು ಕೇಳುತ್ತಾರೆ. ನಿಮ್ಮ ರಕ್ತ ಯಾಕೆ ಮೂಕವಾಗಿದೆ ಎಂದು ನಾವು ಅವರನ್ನು ಯಾವತ್ತೂ ಕೇಳಿಲ್ಲ. ಅಷ್ಟು ಮರ್ಯಾದೆ ನಮಗಿದೆ.

ತೊಂದರೆ ಏನೆಂದರೆ, ರಕ್ತಕ್ಕೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಸಂತೆಯಲ್ಲಿ ಹರಾಜು ಕೂಗುವವನ ಹಾಗೆ ಊರಿಗೆಲ್ಲ ಕೇಳುವಂತೆ ಕಿರುಚುತ್ತದೆ. ನಮ್ಮ ತಾತನ ಕಾಲದಲ್ಲಿ ಒಬ್ಬ ಮೇಷ್ಟರ ರಕ್ತ "ಮರೆವು!" ಎಂದು ಕೂಗಿಬಿಟ್ಟಿತಂತೆ. ಮಾರನೆಯ ದಿನವೇ ಶಾಲೆಯ ಕಮಿಟಿಯವರು ಅವರನ್ನು ಕೆಲಸದಿಂದ ತೆಗೆದರು, ಮನೆ ಮಾಲೀಕ ಮನೆ ಬಿಡಿಸಿದ. ಮೇಷ್ಟರು ಎಂಬತ್ತು ದಾಟುವವರೆಗೆ ಬದುಕಿದ್ದರು. ಒಂದನ್ನೂ ಮರೆಯಲಿಲ್ಲ. ದಿನಾ ಬೆಳಗ್ಗೆ ಅರಳಿಕಟ್ಟೆಯ ಮೇಲೆ ನಿಂತು, ಕಮಿಟಿಯ ಯಾವ ಸದಸ್ಯ ಚಿಕ್ಕವನಿದ್ದಾಗ ಯಾವ ಲೆಕ್ಕ ತಪ್ಪಿದ್ದ, ಯಾರು ತರಗತಿಯಲ್ಲೇ ಚಡ್ಡಿ ಒದ್ದೆ ಮಾಡಿಕೊಂಡಿದ್ದ ಎಂದು ಒಂದೂ ಬಿಡದೆ ಒಪ್ಪಿಸುತ್ತಿದ್ದರು. ಆ ಕಾಟ ತಾಳಲಾರದೆ ಊರಿನವರು ಕಾಯಿದೆ ಮಾಡಿದರು. ಯಾರ ರಕ್ತವೋ ಮಾತು ಅವರದೇ. ಅದನ್ನು ಯಾರೂ ಕೇಳಬಾರದು, ಯಾರೂ ಹೇಳಬಾರದು. ಅಕಸ್ಮಾತ್ ಕಿವಿಗೆ ಬಿದ್ದರೂ ಬಿದ್ದಿಲ್ಲವೆಂದೇ ಲೆಕ್ಕ. ಅದನ್ನು ಹಿಡಿದುಕೊಂಡು ಯಾರಿಗೂ ಕೆಲಸ, ಹೆಣ್ಣು, ಬಾಡಿಗೆ ಮನೆ ಇಲ್ಲವೆನ್ನಬಾರದು. ಡಾಕ್ಟರು ಕೂಡ ಹನಿ ಬಿಟ್ಟು ಹೊರಗೆ ಬಂದುಬಿಡಬೇಕು. ಆಮೇಲೆ ರೋಗಿಗೆ ಇಷ್ಟವಿದ್ದಷ್ಟು ಮಾತ್ರ ಅವರಿಗೆ ತಿಳಿಯುತ್ತದೆ.

ಕಾಯಿದೆ ರಕ್ತಕ್ಕೆ ಗೊತ್ತಾಗಬೇಕಲ್ಲ. ಗೋಡೆ ದಪ್ಪ ಮಾಡಿಸಿದರು, ಬಾಗಿಲಿಗೆ ಹಾಸಿಗೆ ಕಟ್ಟಿದರು, ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಯಾರಿಗೋ ಮದುವೆಮನೆ ನೆನಪಾಯಿತು. ತಾಳಿ ಕಟ್ಟುವ ಹೊತ್ತಿಗೆ ಸೀನು, ಅಪಶಕುನದ ಮಾತು ಕಿವಿಗೆ ಬೀಳದಿರಲೆಂದು ಗಟ್ಟಿಮೇಳ ಬಾರಿಸುತ್ತಾರಲ್ಲ, ಅದನ್ನೇ ಆಸ್ಪತ್ರೆಗೆ ತಂದರು. ಮೊದಲು ಒಬ್ಬ ನಾಗಸ್ವರದವನನ್ನು ನೇಮಿಸಿದರು. ಅವನು ಎಷ್ಟು ಇಂಪಾಗಿ ನುಡಿಸುತ್ತಿದ್ದನೆಂದರೆ ಜಗಲಿಯ ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು, ಆ ನಿಶ್ಶಬ್ದದಲ್ಲಿ ರಕ್ತದ ಮಾತು ಇನ್ನೂ ಸ್ಪಷ್ಟವಾಗಿ ಕೇಳತೊಡಗಿತು. ಅವನನ್ನು ಬಿಡಿಸಿ ಇನ್ನೊಬ್ಬರಿಗಾಗಿ ಹುಡುಕುತ್ತಿದ್ದಾಗ ನಾನು ಡೋಲು ಹೊತ್ತುಕೊಂಡು ಹೋದೆ.

ನಮ್ಮದು ವಾಲಗದ ಮನೆತನ. ನಮ್ಮಪ್ಪ ಡೋಲು ಹಿಡಿದರೆ ನಾಕೂರಿನ ಜನ ಸೇರುತ್ತಿದ್ದರು. ನಾನು ಹಿಡಿದರೆ ಚದುರುತ್ತಿದ್ದರು. ಒಂದು ಮದುವೆಯಲ್ಲಿ ನಾನು ಗಟ್ಟಿಮೇಳವನ್ನು ಹೊತ್ತಿಗೆ ಮುಂಚೆಯೇ ಶುರುಮಾಡಿದ್ದಕ್ಕೆ, ಗಾಬರಿಯಾದ ಮದುಮಗ ತಾಳಿ ಹಿಡಿದುಕೊಂಡು ಪುರೋಹಿತರ ಕೊರಳಿಗೇ ಕೈ ಹಾಕಿದ್ದ. ಅಂದಿನಿಂದ ವಾಲಗದವರು ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ಯೋಗಾನಂದರು, "ಎಲ್ಲಿ, ಒಂಚೂರು ಬಾರ್ಸಿ" ಅಂದರು. ಅರ್ಧಕ್ಕೇ ಎರಡೂ ಕೈ ಎತ್ತಿ, "ಸಾಕು ಸಾಕು, ನೀವೇ ಸರಿ" ಎಂದುಬಿಟ್ಟರು. ಪ್ರತಿಭೆಯನ್ನು ಗುರುತಿಸುವವರು ಊರಿನಲ್ಲಿ ಒಬ್ಬರಾದರೂ ಇದ್ದಾರಲ್ಲ ಎಂದು ನಾನು ಬೀದಿಗೆಲ್ಲ ಮೈಸೂರುಪಾಕು ಹಂಚಿದೆ. ಡಬ್ಬಿ ಖಾಲಿಯಾದ ಮೇಲೆ ಹೊಂಬಾಳಮ್ಮ ನನಗೆ ವಿಷಯವನ್ನು ಬಿಡಿಸಿ ಹೇಳಿದಳು.

ಅವತ್ತಿನಿಂದ ನನ್ನ ಕೆಲಸ ಒಳಕೋಣೆಯ ಬಾಗಿಲಿನ ಹೊರಗೆ. ಡಾಕ್ಟರು ಹನಿ ಬಿಟ್ಟು ಹೊರಬಂದು "ಗಟ್ಟಿಮೇಳ!" ಅನ್ನುತ್ತಾರೆ. ನಾನು ಶುರುಮಾಡುತ್ತೇನೆ. ಒಳಗಿನವರು ಬಾಗಿಲು ತೆರೆಯುವವರೆಗೆ ನಿಲ್ಲಿಸುವಂತಿಲ್ಲ. ಅವರು ಮುಖದ ಮೇಲೆ ಟವೆಲ್ ಹಾಕಿಕೊಂಡೇ ಹೊರಗೆ ಬರುತ್ತಾರೆ, ಏಕೆಂದರೆ ಮುಖಕ್ಕೂ ಬಾಯಿದೆ ಎಂದು ನಮ್ಮೂರಿನವರು ಕಂಡುಕೊಂಡಿದ್ದಾರೆ. ಬೀದಿಯಲ್ಲಿ ಯಾರೂ ಯಾರನ್ನೂ "ಹುಷಾರಾಗಿದೀರಾ" ಎಂದು ಕೇಳುವುದಿಲ್ಲ, ಅದು ತನಿಖೆಯಾಗುತ್ತದೆ. "ಊಟ ಆಯ್ತಾ" ಅನ್ನುತ್ತೇವೆ. ಅಷ್ಟಿದ್ದರೂ ಕಿವಿಯ ಚಪಲ ಹೋಗುತ್ತದೆಯೇ? ಗಂಡು ಮಕ್ಕಳಿರುವ ತಾಯಂದಿರಿಗೆಲ್ಲ ಆಸ್ಪತ್ರೆಯ ಜಗಲಿಯ ಮೇಲೆ ಏನಾದರೊಂದು ಕಾಯಿಲೆ ಇದ್ದೇ ಇರುತ್ತದೆ. ಅವರಲ್ಲಿ ಮುಂದಾಳು ಸಾಕಮ್ಮ. ಅವಳ ಹಿರಿಯ ಮಗನಿಗೆ ಮೀಸೆ ಬಂದ ವರ್ಷ ಶುರುವಾದ ಮಂಡಿ ನೋವು ಇನ್ನೂ ವಾಸಿಯಾಗಿಲ್ಲ.

ಇಷ್ಟು ಹೇಳಿದ ಮೇಲೆ ದೇವೀರಿಯ ವಿಷಯಕ್ಕೆ ಬರಬಹುದು. ನಮ್ಮೂರಿಗೆ ಒಂದೇ ಬಸ್ಸು. ಗುಡ್ಡದ ಮೈಗೆ ಅಂಟಿಕೊಂಡ ರಸ್ತೆಯಲ್ಲಿ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೊರಕಲು, ತಿರುವಿನ ಮೇಲೆ ತಿರುವು ಇಳಿದು ಕೆಳಗಿನ ಪೇಟೆಗೆ ಹೋಗಿಬರುತ್ತದೆ. ಊರಿನವರೇ ಸೇರಿ ಕಟ್ಟಿದ ಸಂಘ ಅದನ್ನು ಓಡಿಸುತ್ತದೆ. ದೇವೀರಿ ಅದರಲ್ಲಿ ಕಂಡಕ್ಟರಾಗಿದ್ದವಳು. ಡ್ರೈವರ್ ಮುದುಕನ ಪಕ್ಕದಲ್ಲಿ ನಿಂತು ನಿಂತು ಕೆಲಸ ಕಲಿತಳು, ಲೈಸೆನ್ಸ್ ಮಾಡಿಸಿಕೊಂಡಳು. ಮುದುಕ ಬಿಡುವಾಗ, "ಈ ಬಸ್ಸಿನ ಹುಚ್ಚು ಬ್ರೇಕು ನಂಗೆ ಬಿಟ್ರೆ ಅವಳಿಗೇ ಬಗ್ಗೋದು" ಎಂದು ಹೇಳಿ ಹೋದ. ಸಂಘ ಅವಳನ್ನೇ ನೇಮಿಸಿತು. ತಂದೆಯಿಲ್ಲದ ಮನೆ, ತಾಯಿಯನ್ನು ನೋಡಿಕೊಳ್ಳುವವಳೂ ಅವಳೇ. ಅದಕ್ಕಿಂತ ಹೆಚ್ಚಾಗಿ, ಆ ಬಸ್ಸೆಂದರೆ ಅವಳಿಗೆ ಪ್ರಾಣ. ನಿಂತ ಬಸ್ಸಿನ ಮೂತಿಯನ್ನು ಅವಳು ಒರೆಸುವುದನ್ನು ನೋಡಿದರೆ ಎಮ್ಮೆ ಸಾಕಿದವರಿಗೆ ಅರ್ಥವಾಗುತ್ತದೆ.

ಸ್ಟಿಯರಿಂಗ್ ಹಿಡಿಯುವ ಮುಂಚೆ ಅವಳು ಆಸ್ಪತ್ರೆಗೆ ಬಂದಳು. ಯಾರೂ ಕಳಿಸಿರಲಿಲ್ಲ, ಕಳಿಸುವಂತೆಯೂ ಇಲ್ಲ. "ಅಷ್ಟು ಜನರ ಜೀವ ಕೈಲಿರ್ತದಲ್ಲ ಮಾವ, ಒಂದ್ಸಲ ಕೇಳಿಸ್ಕೊಂಡ್ಬಿಡೋಣ ಅಂತ" ಎಂದು ನನಗೆ ಬಾಗಿಲಲ್ಲಿ ಹೇಳಿದಳು. "ಜೋರಾಗಿ ಬಾರ್ಸಿ."

"ನಂಗೆ ಬರೋದು ಅದೊಂದೇ ಕಣವ್ವ, ಹೋಗು" ಅಂದೆ.

ಅಂದು ಜಗಲಿಯ ಮೇಲೆ ವಿದ್ವಾನ್ ನಂಜುಂಡಾರ್ಯರು ಕೂತಿದ್ದರು. ಮೃದಂಗದಲ್ಲಿ ಅವರ ಸಮ ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಹಲ್ಲುನೋವಿಗೆಂದು ದವಡೆಗೆ ಶಲ್ಯ ಸುತ್ತಿಕೊಂಡು ಬಂದಿದ್ದರು. ಚಿಕ್ಕಂದಿನಲ್ಲಿ ನಮ್ಮಪ್ಪ ನನ್ನನ್ನು ಅವರ ಬಳಿ ಪಾಠಕ್ಕೆ ಕರೆದುಕೊಂಡು ಹೋದಾಗ, ಅವರು ನನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಒಳ್ಳೆ ಕೈ, ಗಾರೆ ಕೆಲಸಕ್ಕೆ ಹಾಕಿ" ಅಂದಿದ್ದರು. ಡಾಕ್ಟರು ಹೊರಬಂದು "ಗಟ್ಟಿಮೇಳ" ಅಂದಾಗ ಎಂದಿನಂತೆ ಬಡಿಯಲು ಶುರುಮಾಡಿದೆ. ಓರೆಗಣ್ಣಿನಲ್ಲಿ ನೋಡುತ್ತೇನೆ, ವಿದ್ವಾಂಸರ ಕೈ ತೊಡೆಯ ಮೇಲೆ ಬೀಳುತ್ತಿದೆ! ತಾಳ ಹಾಕುತ್ತಿದ್ದಾರೆ! ನನಗೆ! ತಲೆಯೂ ಆಡುತ್ತಿದೆ, ಕಣ್ಣು ಅರೆಮುಚ್ಚಿವೆ.

ನನ್ನ ಮೈಯೊಳಗೆ ಏನು ಹೊಕ್ಕಿತೋ ಕಾಣೆ. ಇಷ್ಟು ವರ್ಷ ಬಾರಿಸಿದ್ದು ಗದ್ದಲ, ಈ ಹೊತ್ತು ಬಾರಿಸಿದ್ದು ಡೋಲು. ಅಪ್ಪ ಹೇಳಿಕೊಟ್ಟು ಸೋತಿದ್ದ ನಡೆಗಳೆಲ್ಲ ತಾವಾಗಿ ಬೆರಳಿಗೆ ಬಂದವು. ಕೋಲು ನನ್ನ ಮಾತು ಕೇಳಿತು. ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಮುಕ್ತಾಯಕ್ಕೆ ಬಂದೆ. ಮುಕ್ತಾಯದ ಸೊಲ್ಲುಗಳ ನಡುವೆ ಒಂದು ಕಡೆ ಕೈಯನ್ನು ತಡೆದು ಖಾಲಿ ಬಿಡಬೇಕು. ಅದಕ್ಕೆ ಕಾರ್ವೆ ಅನ್ನುತ್ತೇವೆ. ಬಾರಿಸಲು ಯಾರಾದರೂ ಕಲಿಯುತ್ತಾರೆ, ಬಾರಿಸದೆ ಬಿಡಲು ಎದೆ ಬೇಕು. ನನಗೆ ಜನ್ಮದಲ್ಲಿ ಒಮ್ಮೆಯೂ ಅದು ಬಂದಿರಲಿಲ್ಲ, ಅವಸರಕ್ಕೆ ಬಿದ್ದು ಒಂದು ಏಟು ಹಾಕಿಯೇ ಬಿಡುತ್ತಿದ್ದೆ. ಅವತ್ತು ಬಂತು. ಕೋಲನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸಿದೆ. ಇಡೀ ಆಸ್ಪತ್ರೆ ಸ್ತಬ್ಧವಾಯಿತು.

"ಕಣ್ಣು!" ಎಂದಿತು ಒಳಗಿನಿಂದ ರಕ್ತ.

ನಾನು ಮುಕ್ತಾಯವನ್ನು ಎಂದೂ ಇಲ್ಲದ ಜೋರಿನಲ್ಲಿ ಮುಗಿಸಿ, ಶಭಾಷ್‌ಗಿರಿಗಾಗಿ ತಲೆ ಎತ್ತಿದೆ. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರೂ ಬಾಗಿಲನ್ನು ನೋಡುತ್ತಿದ್ದರು. ಸಾಕಮ್ಮನಂತೂ ಮಂಡಿ ನೋವು ಮರೆತು ಎದ್ದೇ ನಿಂತಿದ್ದಳು. ಡಾಕ್ಟರ್ ಯೋಗಾನಂದರು ಹಣೆಗೆ ಕೈ ಹಚ್ಚಿಕೊಂಡಿದ್ದರು. ಏನಾಯಿತೆಂದು ನನಗೆ ಹೊಳೆಯುವ ಹೊತ್ತಿಗೆ ಬಾಗಿಲು ತೆರೆಯಿತು. ದೇವೀರಿ ಟವೆಲ್ ಹಾಕಿಕೊಂಡಿರಲಿಲ್ಲ. ಮುಖ ಒಳಗೆ ಹೋಗುವಾಗ ಹೇಗಿತ್ತೋ ಹಾಗೇ ಇತ್ತು. ನನ್ನನ್ನು ಒಂದು ಸಲ ನೋಡಿ, "ಬರ್ತೀನಿ ಮಾವ" ಎಂದು ಹೋದಳು.

ಮಧ್ಯಾಹ್ನದ ಊಟದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಆದರೆ ಕಾಯಿದೆಯ ಪ್ರಕಾರ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದನ್ನು ಜನ ಎಷ್ಟು ಕಷ್ಟಪಟ್ಟು ಮಾಡುತ್ತಾರೆಂದು ನಾನು ಆಗಲೇ ನೋಡಿದ್ದು. ತರಕಾರಿಯವಳು ದೇವೀರಿಯ ಚೀಲಕ್ಕೆ ನುಗ್ಗೆಸೊಪ್ಪು ತುರುಕಿ, "ತಿನ್ನವ್ವ, ಯಾಕೂ ಅಲ್ಲ, ಸುಮ್ನೆ" ಅಂದಳಂತೆ. ದಾರಿಯಲ್ಲಿ ಸಿಕ್ಕವರು ಅವಳಿಗೆ ತಮ್ಮ ಹೆಸರು ಹೇಳಿಯೇ ಮಾತು ಶುರುಮಾಡುತ್ತಿದ್ದರಂತೆ. ಸಂಘದ ಅಧ್ಯಕ್ಷ ಶಿವನಂಜಪ್ಪನವರು ಅವಳನ್ನು ಕರೆಸಿ, ಡ್ರೈವರ್ ಸೀಟು ಎತ್ತರ, ಹೆಂಗಸರಿಗೆ ಕಾಲು ನಿಲುಕದು, ನೇಮಕವನ್ನು ಸದ್ಯಕ್ಕೆ ತಡೆಹಿಡಿದಿದ್ದೇವೆ ಎಂದರು. ಆ ಸೀಟಿನಲ್ಲಿ ಕೂತು ಅವಳು ಬಸ್ಸನ್ನು ನಾಲ್ಕು ಸುತ್ತು ಓಡಿಸಿ ತೋರಿಸಿದಾಗ ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ಟಿದವರು ಅವರೇ.

ನಾನು ಮನೆಯಲ್ಲಿ ಮುಸುಕು ಹಾಕಿಕೊಂಡು ಮಲಗಿದೆ. ಹೊಂಬಾಳಮ್ಮ ಮುಸುಕು ಕಿತ್ತೆಸೆದಳು. "ಮೂವತ್ತು ವರ್ಷ ಕೆಟ್ಟದಾಗಿ ಬಾರ್ಸಿ ಊರಿನ ಮಾನ ಕಾಪಾಡಿದ್ರಿ. ಒಂದಿನ ಚೆನ್ನಾಗಿ ಬಾರ್ಸೋಕೆ ಹೋಗಿ ಆ ಮಗಿಯ ಅನ್ನ ಕಿತ್ಕೊಂಡ್ರಲ್ಲ. ಎದ್ದು ಹೋಗಿ, ಕಾಲಿಗೆ ಬಿದ್ದಾದ್ರೂ ಏನಾರ ಮಾಡಿ."

ದೇವೀರಿ ಅಂಗಳದಲ್ಲಿ ಕೂತು ಬಸ್ಸಿನ ಏರ್ ಫಿಲ್ಟರ್ ಕೊಡವುತ್ತಿದ್ದಳು. ಕೆಲಸ ಹೋದರೂ ಅದರ ಚಾಕರಿ ಬಿಟ್ಟಿರಲಿಲ್ಲ. ಅವಳ ತಾಯಿ ನನಗೆ ಮಣೆ ಹಾಕಿ ಒಳಗೆ ಹೋದಳು. ಬರುವ ದಾರಿಯಲ್ಲಿ ನಾನೊಂದು ಉಪಾಯ ಹೂಡಿಕೊಂಡಿದ್ದೆ. ನನ್ನ ಉಪಾಯಗಳ ಬಗ್ಗೆ ನನಗೆ ಮುಂಚಿನಿಂದಲೂ ಒಳ್ಳೆ ಅಭಿಪ್ರಾಯ.

"ನೋಡವ್ವ, ಕೇಳಿಸಿದ್ದು ಒಂದೇ ಮಾತು. ಕಣ್ಣು ಅಂತ. ಕಣ್ಣು ಹೋಗುತ್ತೆ ಅಂತ್ಲೇ ಅಂದಿರ್ಬೇಕು ಅಂತೇನಿಲ್ಲ. ಕಣ್ಣು ಹದ್ದಿನಂಗೈತೆ ಅಂತ್ಲೂ ಅಂದಿರಬೋದು. ಹೌದಾ? ನೀನು ನಾಳೆ ಅರಳಿಕಟ್ಟೆ ತಾವ ನಿಂತ್ಕೊಂಡು, ನನ್ನ ಕಣ್ಣು ಚೆನ್ನಾಗೈತೆ ಅಂತ ಅಂದೈತೆ ಕಣ್ರಪ್ಪ ಅಂತ ಹೇಳಿಬಿಡು. ತಮ್ಮ ರಕ್ತದ ಮಾತು ತಾವು ಹೇಳ್ಕೊಂಡ್ರೆ ಕಾಯಿದೆ ಏನೂ ಅನ್ನಕಿಲ್ಲ. ಒಂದೇ ಮಾತು, ಮುಗೀತು."

"ಹೇಳಾಕಿಲ್ಲ ಮಾವ."

ಹಾಗಾದರೆ ಕೆಟ್ಟದ್ದೇ ಅಂದಿದೆ ಅಂದುಕೊಂಡೆ. ಅವಳು ನನ್ನ ಮುಖ ನೋಡಿ ನಕ್ಕುಬಿಟ್ಟಳು.

"ಕಂಡ್ರಾ, ನಾನು ಹೇಳಾಕಿಲ್ಲ ಅಂದ ತಕ್ಷಣ ನೀವೇ ತೀರ್ಮಾನ ಮಾಡ್ಬಿಟ್ರಿ. ಇವತ್ತು ನಾನು ಚೆನ್ನಾಗೈತೆ ಅಂತ ಕೂಗಿದ್ರೆ, ನಾಳೆ ಚೆನ್ನಾಗಿರೋರೆಲ್ಲ ಬಂದು ಕೂಗ್ತಾರೆ. ಆಮ್ಯಾಕೆ ಕೂಗ್ದೆ ಸುಮ್ನಿರೋರ ಗತಿ ಏನು? ಬಾಯಿ ಮುಚ್ಕೊಂಡಿರೋದೇ ಅವರ ಕಾಯಿಲೆ ಅಂತ ಆಗೋಗ್ತದೆ. ಆಗ ನೀವು ಡೋಲು ಬಡಿದೂ ಒಂದೇ, ಬಿಟ್ಟೂ ಒಂದೇ."

ಅಷ್ಟು ವರ್ಷ ಬಾಗಿಲಲ್ಲಿ ನಿಂತು ಬಡಿದವನಿಗೆ ಯಾಕೆ ಬಡಿಯುತ್ತಿದ್ದೇನೆ ಎನ್ನುವುದು ಅರ್ಥವಾಗಿದ್ದು ಅಂದು, ಆ ಮಣೆಯ ಮೇಲೆ. ನಾಚಿಕೆಯಾಯಿತು. ಅವಳು ಫಿಲ್ಟರನ್ನು ಬಿಸಿಲಿಗೆ ಹಿಡಿದು ನೋಡಿ, "ಕೋರ್ಟಿಗೆ ಹಾಕಿದೀನಿ. ನೀವೂ ಬರ್ಬೇಕಾಗ್ತದೆ" ಅಂದಳು.

ಕೋರ್ಟು ತುಂಬಿ ತುಳುಕುತ್ತಿತ್ತು. ನ್ಯಾಯಾಧೀಶರು ಗಿರಿಜಾದೇವಿಯವರು, ಮಾತು ಕಮ್ಮಿ, ಕನ್ನಡಕದ ಮೇಲಿಂದ ನೋಡುವವರು. ಮೊದಲು ಸಾಕಮ್ಮನನ್ನು ಕಟಕಟೆಗೆ ಕರೆದರು. ಕದ್ದು ಕೇಳಿದ್ದು ರುಜುವಾದರೆ ಶಿಕ್ಷೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನಂಗೇನೂ ಕೇಳಿಸ್ನಿಲ್ಲ ಬುದ್ಧಿ" ಎಂದು ಕೈ ಮುಗಿದಳು. "ಅದರಲ್ಲೂ ಕಣ್ಣು ಅಂದಿದ್ದಂತೂ ಒಂಚೂರೂ ಕೇಳಿಸ್ನಿಲ್ಲ."

ಜನ ನಗುತ್ತಿದ್ದಂತೆ ವಿದ್ವಾನ್ ನಂಜುಂಡಾರ್ಯರು ಬಂದರು. ಅವರಾದರೂ ನನ್ನ ಪರವಾಗಿ ಒಂದು ಮಾತು ಹೇಳುತ್ತಾರೆಂದು ನಾನು ಕತ್ತು ಚಾಚಿದೆ. ಈ ಗವಿರಂಗಪ್ಪ ಬಾರಿಸುತ್ತಿದ್ದಾಗ ನೀವು ತಾಳ ಹಾಕಿ ಹುರಿದುಂಬಿಸಿದಿರಂತೆ, ನಿಜವೇ ಎಂದು ನ್ಯಾಯಾಧೀಶರು ಕೇಳಿದರು.

"ತಾಳವೇ? ಹಲ್ಲುನೋವು ತಾಯಿ. ಜೀವ ಹೋಗ್ತಿತ್ತು, ತೊಡೆ ಬಡ್ಕೊಳ್ತಿದ್ದೆ. ಅವನು ಬಾರ್ಸಿದ್ದು ನನ್ನ ಕಿವಿಗೇ ಬೀಳಲಿಲ್ಲ."

ಆಗ ಕೋರ್ಟಿನಲ್ಲಿ ಎದ್ದ ನಗುವಿಗೆ ಹೆಂಚು ಹಾರಬೇಕಿತ್ತು. ಹೊಂಬಾಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡೆ, ಭುಜ ಕುಲುಕುವುದನ್ನು ನೋಡಿ ನಗುತ್ತಿದ್ದಾಳೆಂದು ಗೊತ್ತಾಯಿತು. ಒಬ್ಬ ಮುದುಕನ ಹುಳುಕು ಹಲ್ಲನ್ನು ನಾನು ರಸಿಕತೆ ಎಂದು ತಿಳಿದು, ಅದರ ತಾಳಕ್ಕೆ ನನ್ನ ಜೀವಮಾನದ ಕಛೇರಿ ಮಾಡಿದ್ದೆ.

ಶಿವನಂಜಪ್ಪನವರು ಸೀಟು ಎತ್ತರ ಎಂಬ ಪಲ್ಲವಿಯನ್ನೇ ಹಾಡಿದರು. ದೇವೀರಿ ಎದ್ದು, ಗೋಡೆಯಲ್ಲಿ ತೂಗುಹಾಕಿದ್ದ ಕ್ಯಾಲೆಂಡರಿನ ಮೂಲೆಯ ಇರುವೆ ಸಾಲಿನಂಥ ಅಕ್ಷರವನ್ನು ನಿಂತಲ್ಲಿಂದಲೇ ಗಡಗಡ ಓದಿದಳು. "ಕಣ್ಣು ಪರೀಕ್ಷೆ ಮಾಡ್ಸಿ ಅಮ್ಮಾವ್ರೇ. ತಿಂಗಳ ತಿಂಗಳ ಮಾಡ್ಸಿ, ಮಸುಕಾದ ದಿನ ನಾನೇ ಕೆಳಗಿಳೀತೀನಿ. ರಕ್ತ ಹೇಳಿದ್ದು ಮಾತ್ರ ನಂದು. ಅದನ್ನ ಕೇಳ್ಬ್ಯಾಡಿ."

"ಇವತ್ತಿನ ಕಣ್ಣು ಸರಿ ಇರಬೋದು ತಾಯಿ, ನಾಳೆ?" ಎಂದು ಶಿವನಂಜಪ್ಪನವರ ಬಾಯಿಂದ ಬಂದೇಬಿಟ್ಟಿತು. ಅಲ್ಲಿಗೆ ಸೀಟಿನ ಎತ್ತರ ನೆಲಕ್ಕೆ ಬಿತ್ತು.

ನ್ಯಾಯಾಧೀಶರು ಕನ್ನಡಕ ತೆಗೆದಿಟ್ಟು ನಿಧಾನವಾಗಿ, "ನಾಳೆಯ ಮಾತು ನೀವೇ ಎತ್ತಿದಿರಿ. ಆ ಬಸ್ಸಿನ ಕಾಗದಕ್ಕೆಲ್ಲ ಸಹಿ ಹಾಕುವವರು ನೀವು. ನಿಮ್ಮ ರಕ್ತ ನಿಮಗೆ ಏನು ಹೇಳಿದೆ ಶಿವನಂಜಪ್ಪನವರೇ?" ಅಂದರು. ಅಂಥ ಪ್ರಶ್ನೆಯನ್ನು ಯಾರೂ ಬಾಯಲ್ಲಿ ಆಡಿದ್ದನ್ನು ನಮ್ಮ ತಲೆಮಾರಿನವರು ಕೇಳಿರಲಿಲ್ಲ. ಸೀನಲು ಹೊರಟವನು ಕೂಡ ಸೀನನ್ನು ನುಂಗಿಕೊಂಡ. ಶಿವನಂಜಪ್ಪನವರ ಮುಖ ಸುಣ್ಣವಾಯಿತು, ಕೈ ಕಟಕಟೆಯ ಸರಳು ಹುಡುಕಿತು. ನನಗೆ ಅವರ ಮೇಲೆ ಸಿಟ್ಟಿತ್ತು, ಆ ಗಳಿಗೆಯಲ್ಲಿ ಅದೂ ಹೋಯಿತು. "ಕೇಳಿದ್ದು ತಪ್ಪು, ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನೀವು ಉತ್ತರ ಕೊಡಬೇಕಿಲ್ಲ" ಎಂದು ನ್ಯಾಯಾಧೀಶರು ಕನ್ನಡಕ ಹಾಕಿಕೊಂಡರು.

ಅದೇ ದಿನ ತೀರ್ಪಾಯಿತು. ದೇವೀರಿಗೆ ಕೆಲಸ ಕೊಡಬೇಕು, ಕಣ್ಣಿನ ಪರೀಕ್ಷೆ ಡ್ರೈವರಿಗೆಲ್ಲ ಹೇಗೋ ಅವಳಿಗೂ ಹಾಗೇ. ನನ್ನ ಬಗ್ಗೆಯೂ ಒಂದು ಸಾಲಿತ್ತು. ಡೋಲಿನ ಗವಿರಂಗಪ್ಪನು ಆಸ್ಪತ್ರೆಯ ಆವರಣದಲ್ಲಿ ಇನ್ನು ಮುಂದೆ ತಾಳಬದ್ಧವಾಗಿ ನುಡಿಸತಕ್ಕದ್ದಲ್ಲ. ಕೋರ್ಟಿನ ಮೊಹರು ಬಿದ್ದ ಮೇಲೆ ಮೇಲ್ಮನವಿಗೂ ದಾರಿಯಿಲ್ಲ. ಕೆಟ್ಟ ಕಲಾವಿದರು ಎಲ್ಲ ಊರಲ್ಲೂ ಇರುತ್ತಾರೆ, ಹಾಗೆಯೇ ಇರಬೇಕೆಂದು ನ್ಯಾಯಾಲಯದ ಆಜ್ಞೆ ಪಡೆದವನು ನಾನೊಬ್ಬನೇ ಇರಬೇಕು.

ಕೆಲಸ ಕೊಡಿ ಎಂದು ಕೋರ್ಟು ಹೇಳಬಹುದು, ಬಸ್ಸು ಹತ್ತಿ ಎಂದು ಜನರಿಗೆ ಹೇಳಲಾಗುತ್ತದೆಯೇ? ಮೊದಲನೆಯ ದಿನ ದೇವೀರಿ ಹಾರ್ನ್ ಹೊಡೆದೇ ಹೊಡೆದಳು. ಎಲ್ಲರಿಗೂ ಏನೋ ಕೆಲಸ ಬಂದಿತ್ತು. ಪೇಟೆಗೆ ಹೊರಟವರು ಗಂಟು ಹೊತ್ತುಕೊಂಡು ಕಾಲುದಾರಿ ಹಿಡಿದರು, ಇವತ್ತು ನಡೆಯೋಣ ಅನ್ನಿಸಿತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಖಾಲಿ ಬಸ್ಸು ಹೋಯಿತು, ಖಾಲಿ ಬಂತು. ಹೀಗೇ ನಡೆದರೆ ಕಾಯಿದೆಗೆ ಕೈ ಹಚ್ಚದೆಯೇ ಸಂಘ ಅವಳನ್ನು ಮನೆಗೆ ಕಳಿಸಬಹುದಿತ್ತು.

ಹೊಂಬಾಳಮ್ಮ ನನ್ನ ಮುಂದೆ ಚಪ್ಪಲಿ ತಂದಿಟ್ಟಳು. ಹೊಡೆಯುವುದಕ್ಕಲ್ಲ, ಹಾಕಿಕೊಳ್ಳುವುದಕ್ಕೆ. ನಾನು ಆ ಬಸ್ಸನ್ನು ಹತ್ತಿದವನೇ ಅಲ್ಲ, ಕೊರಕಲು ನೋಡಿದರೆ ನನಗೆ ಹೊಟ್ಟೆ ತೊಳಸುತ್ತದೆ. ಹೋಗಿ ಡ್ರೈವರ್ ಸೀಟಿನ ಹಿಂದೆಯೇ ಕೂತೆ. ಎದೆ ಸೆಟೆಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ನನ್ನ ತ್ಯಾಗವನ್ನು ಊರು ನೋಡಲಿ ಎಂದು ಕಾದೆ. ಊರು ನೋಡಿತು, ಹತ್ತಲಿಲ್ಲ. ನನ್ನನ್ನು ನೋಡಿ ಯಾರಾದರೂ ಏನನ್ನಾದರೂ ಹತ್ತಿದ ಉದಾಹರಣೆ ಮೊದಲೂ ಇರಲಿಲ್ಲ. ಮೊದಲ ತಿರುವಿನಲ್ಲೇ ನಾನು ಸೀಟಿನ ಕಂಬಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದೆ. ಪೇಟೆಯಲ್ಲಿ ಇಳಿದು ಚರಂಡಿಯ ಪಕ್ಕ ವಾಂತಿ ಮಾಡಿಕೊಂಡೆ, ವಾಪಸಾಗುವಾಗಲೂ ಮಾಡಿಕೊಂಡೆ. ಮಾರನೆಯ ದಿನ ಮತ್ತೆ ಹತ್ತಿದೆ. ನಾನು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಸರಿಯಾಗಿ ದೇವೀರಿ ವಾಪಸು ತಂದುಬಿಡುತ್ತಿದ್ದಳು.

ದಿನಗಳು ಕಳೆದವು. ಬಾಣಂತಿಯೊಬ್ಬಳು ಕೂಸಿನೊಂದಿಗೆ ಹತ್ತಿದಳು, ಅವಳಿಗೆ ನಡೆಯಲಾಗುತ್ತಿರಲಿಲ್ಲ. ಕುಂಬಾರರು ಮಡಕೆ ಹೇರಿದರು, ಹೊತ್ತು ನಡೆದರೆ ಒಡೆಯುತ್ತವೆ. ಮಡಕೆ ಒಡೆಯದೆ ಪೇಟೆ ಮುಟ್ಟಿದ್ದನ್ನು ನೋಡಿ ಉಳಿದವರು ಬಂದರು. ಹಳೆಯ ಡ್ರೈವರಿನ ಬಸ್ಸಿನಲ್ಲಿ ಸೊಂಟ ಉಳುಕುತ್ತಿತ್ತು, ಈಗ ನಿದ್ದೆ ಬರುತ್ತದೆ ಎಂದು ಒಬ್ಬರು ಅಂದರು. ಒಂದು ಸಂತೆಯ ದಿನ ನಿಲ್ಲಲೂ ಜಾಗವಿಲ್ಲದಷ್ಟು ತುಂಬಿತು. ಶಿವನಂಜಪ್ಪನವರು ಬಾಗಿಲಲ್ಲಿ ನೇತಾಡುತ್ತಿದ್ದರು. ಇದೆಲ್ಲ ನನ್ನ ವಾಂತಿಯ ಫಲ ಎಂದು ನಾನು ಒಳಗೊಳಗೇ ಬೀಗಿದೆ. ಕೆಡಿಸಿದವನು ನಾನೇ, ಸರಿಪಡಿಸಿದವನೂ ನಾನೇ ಅನ್ನಿಸಿ ಮನಸ್ಸು ಹಗುರಾಯಿತು.

ಆ ಸಂತೆಯ ದಿನ ಪೇಟೆಯಲ್ಲಿ ಎಲ್ಲರೂ ಇಳಿದು ಹೋದ ಮೇಲೆ ಬಸ್ಸಿನ ನೆರಳಿನಲ್ಲಿ ನಾವಿಬ್ಬರೇ ಕೂತು ಟೀ ಕುಡಿದೆವು. ಮನಸ್ಸು ಹಗುರಾದರೆ ನನಗೆ ನಾಲಿಗೆಯೂ ಹಗುರಾಗುತ್ತದೆ. ಕೇಳಬಾರದು ಎಂದುಕೊಂಡೇ ಕೇಳಿದೆ.

"ತಾಯಿ, ಕಾಯಿದೆಗೆ ವಿರುದ್ಧ, ತಪ್ಪು, ಗೊತ್ತು. ನಂಗೂ ವಯಸ್ಸಾಯ್ತು, ಇದನ್ನ ಹೊತ್ಕೊಂಡು ಸಾಯಾಕಾಗಲ್ಲ. ಅವತ್ತು ಕಣ್ಣು ಅಂದ ಮ್ಯಾಕೆ ಮುಂದೇನಂತು?"

ಅವಳು ಲೋಟವನ್ನು ಅಲ್ಲಾಡಿಸಿ ಅದರ ತಳ ನೋಡಿದಳು. ಸಿಟ್ಟು ಬಂತೇನೋ ಅಂದುಕೊಂಡೆ.

"ನಂಗೂ ಗೊತ್ತಿಲ್ಲ ಮಾವ."

"ಅಂದ್ರೆ?"

"ಕಣ್ಣು ಅಂದಿದ್ದು ಕೇಳಿಸ್ತು. ಅಷ್ಟರಲ್ಲಿ ನೀವು ಶುರು ಹಚ್ಕೊಂಡ್ರಲ್ಲ, ಆ ಕೊನೇದು. ಗೋಡೆ ಎಲ್ಲ ಅದುರ್ತಾ ಇತ್ತು. ಬಟ್ಟಲಿಗೆ ಕಿವಿ ಇಟ್ಟೆ, ಏನೂ ಕೇಳಿಸ್ನಿಲ್ಲ. ನೀವು ಮುಗಿಸೋ ಹೊತ್ಗೆ ಅದೂ ಮುಗಿಸಿತ್ತು."

ಟೀ ನನ್ನ ಪಂಚೆಯ ಮೇಲೆ ಚೆಲ್ಲಿತು. ಜೀವಮಾನದಲ್ಲಿ ಒಂದೇ ಸಲ. ಊರಿನವರಿಗೆ ಅವಳ ಮಾತು ಕೇಳಿಸಿದ್ದು ಒಂದು ತಪ್ಪು ಎಂದು ನಾನು ಇಷ್ಟು ದಿನ ಕೊರಗಿದ್ದೆ. ಅವಳಿಗೇ ಕೇಳಿಸದ ಹಾಗೆ ಮಾಡಿದ್ದೆ ಎನ್ನುವುದು ಕ್ಷಣಮಾತ್ರವೂ ನನಗೆ ಹೊಳೆದಿರಲಿಲ್ಲ. ಕೋರ್ಟಿನಲ್ಲಿ, ಅಂಗಳದಲ್ಲಿ ಅವಳು ಅಷ್ಟು ಗಟ್ಟಿಯಾಗಿ ಕಾಪಾಡಿಕೊಂಡದ್ದು ಅವಳ ಕೈಯಲ್ಲೇ ಇರಲಿಲ್ಲ.

"ಯಾಕೆ ಹೇಳ್ನಿಲ್ಲವ್ವ? ಗೊತ್ತಿಲ್ಲ ಅಂತ ಆದ್ರೂ ಕೋರ್ಟಲ್ಲಿ ಹೇಳ್ಬೋದಿತ್ತಲ್ಲ?"

"ಯಾರು ನಂಬ್ತಿದ್ರು? ಮತ್ತೆ ಗೊತ್ತಿಲ್ದಿರೋದೂ ನಂದೇ ಅಲ್ವಾ" ಅಂದಳು. ಆಮೇಲೆ, ನನಗೆ ಸಮಾಧಾನ ಹೇಳಬೇಕೆಂದು ಅನ್ನಿಸಿತೋ ಏನೋ, "ಒಂದ್ಮಾತು ಹೇಳ್ಲಾ? ಅವತ್ತು ಒಳಗೆ ಬೆರಳು ಹಿಡ್ಕೊಂಡು ಕೂತಿದ್ದಾಗ ಕೈಕಾಲು ನಡುಗ್ತಿತ್ತು ನಂಗೆ. ನಿಮ್ಮ ಡೋಲು ಕೇಳ್ತಾ ಕೇಳ್ತಾ ನಡುಕ ನಿಂತೋಯ್ತು. ಬಾಳ ಚೆನ್ನಾಗಿ ಬಾರ್ಸಿದ್ರಿ ಮಾವ."

ನನ್ನ ಜನ್ಮದಲ್ಲಿ ನನ್ನ ಡೋಲನ್ನು ಹೊಗಳಿದವಳು ಅವಳೊಬ್ಬಳೇ. ಆ ಮಾತಿಗಾಗಿ ಹುಟ್ಟಿದಂದಿನಿಂದ ಕಾದಿದ್ದೆ. ಬಂದಾಗ ತಲೆ ಎತ್ತಿ ಅವಳ ಮುಖ ನೋಡಲಾಗಲಿಲ್ಲ. ಅತ್ತುಬಿಟ್ಟೆ. ಅವಳು ನನ್ನ ಲೋಟವನ್ನು ತೆಗೆದುಕೊಂಡು ತನ್ನದರ ಜೊತೆ ಅಂಗಡಿಗೆ ಕೊಟ್ಟು ಬಂದಳು.

ಸಂತೆ ಮುಗಿಸಿದವರು ಬರತೊಡಗಿದರು. ಬುಟ್ಟಿ, ಚೀಲ, ಕೋಳಿ, ಮಕ್ಕಳು. ಒಳಗಿನಿಂದ ಯಾರೋ ಟವೆಲ್ ಹಾಕಿ ನನಗೆ ಸೀಟು ಹಿಡಿದು, "ಬನ್ನಿ ರಂಗಣ್ಣ, ಹತ್ಕೊಳ್ಳಿ" ಎಂದು ಕರೆದರು. ಅವರಿಗೆ ಯಾರಿಗೂ ಏನೂ ಗೊತ್ತಿಲ್ಲ, ನನಗೆ ಮಾತ್ರ ಗೊತ್ತು, ಅವಳಿಗೂ ಗೊತ್ತಿಲ್ಲವೆಂದು. ಕಾಲುದಾರಿ ಅಲ್ಲೇ ಎದುರಿಗಿತ್ತು. ಇವತ್ತು ನಡೆಯೋಣ ಅನ್ನಿಸಿತು ಎಂದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ದೇವೀರಿ ಸೀಟಿಗೆ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿದಳು. ಕರೆಯಲಿಲ್ಲ.

ಹತ್ತಿದೆ. ಬಸ್ಸು ಹೊರಟಿತು. ಕೊರಕಲಿನ ತಿರುವು ಬಂದಾಗ ನಾನು ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡೆ. ಆ ಇಡೀ ಬಸ್ಸಿನಲ್ಲಿ ಕಣ್ಣು ಕಾಣದೆ ಕೂತಿದ್ದವನು ನಾನೊಬ್ಬನೇ.